ಕರಿಯನ ಔಷಧದ ಡಬ್ಬಿ

1998ರಲ್ಲಿ ನಾನು ಹೂವಿನಹಡಗಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಶುವೈದ್ಯನಾಗಿದ್ದೆ. ಆಗಬಾರದ್ದನ್ನೆಲ್ಲ ಮೊದಲೇ ಊಹಿಸಿ ಬೆವರುವುದು ನನ್ನ ಹುಟ್ಟುಗುಣ. ಆಕಳಿಗೆ ಇಂಜೆಕ್ಷನ್ ಕೊಟ್ಟು ಅರ್ಧ ದಾರಿ ಬಂದವನು, ಅದು ಎದ್ದಿತೋ ಇಲ್ಲವೋ ಎಂದು ತಿರುಗಿ ಹೋಗಿ ನೋಡಿದ್ದುಂಟು. ಅದು ಮೆಲುಕು ಹಾಕುತ್ತಾ ನನ್ನನ್ನೇ ಕನಿಕರದಿಂದ ನೋಡಿತ್ತು.

ಕುರಿ ಸಾಕುವ ಬೀರಪ್ಪ ತನ್ನ ನಾಯಿ ಕರಿಯನನ್ನು ಹೊತ್ತು ತಂದದ್ದು ಆ ಬೇಸಿಗೆಯಲ್ಲಿ. ಮುಳ್ಳುತಂತಿ ಗೀರಿದ ಸಣ್ಣ ಗಾಯ. ಹೊಲಸು ಬಟ್ಟೆ ಸುತ್ತಿದ್ದರಿಂದ ಹುಳು ಬಿದ್ದಿದ್ದವು. ಬೀರಪ್ಪನ ಮನೆಯವರು ಮೈಲಾರಲಿಂಗನ ಒಕ್ಕಲು. ಅವರಿಗೆ ನಾಯಿಯೆಂದರೆ ದೇವರ ಪರಿವಾರ.

"ಮಗನಿಗಿಂತ ಇದು ಹೆಚ್ಚು ಮಾತು ಕೇಳ್ತೈತ್ರಿ ಡಾಕ್ಟ್ರ" ಎಂದ ಬೀರಪ್ಪ.

"ಅವನಿಗೂ ಹಿಂಗ ಕರದು ಕರದು ರೊಟ್ಟಿ ಹಾಕಿದ್ರ ಕೇಳ್ತಿದ್ದ" ಎಂದಳು ಹೆಂಡತಿ ಹನುಮವ್ವ.

ಗಾಯ ಮಾಗಿತು, ನನ್ನ ಚಿಂತೆ ಮಾಗಲಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಹತ್ತಿ, ಬ್ಯಾಂಡೇಜು, ಟಿಂಚರ್ ಅಯೋಡಿನ್, ಕತ್ತರಿ, ಮುಳ್ಳು ತೆಗೆಯುವ ಚಿಮಟ ತುಂಬಿದೆ. ನೋವಾದಾಗ ಸಾಕಿದ ನಾಯಿಯೂ ಕಚ್ಚುತ್ತದೆಂದು ಬಾಯಿ ಕಟ್ಟಲು ಒಂದು ಪಟ್ಟಿಯನ್ನೂ ಇಟ್ಟೆ. ಆಮೇಲೆ ಉಪದೇಶ: ಹೊಲಸು ಬಟ್ಟೆ ತಾಗಿಸಬೇಡಿ, ಡಬ್ಬಿಯದನ್ನೇ ಬಳಸಿ, ಮಕ್ಕಳ ಕೈಗೆ ಸಿಗದಂತೆ ಎತ್ತರದ, ಶುದ್ಧವಾದ ಜಾಗದಲ್ಲಿಡಿ. ಟಿಂಚರ್ ಕುಡಿದ ಮಗು ಆಗಲೇ ನನ್ನ ಕಣ್ಣ ಮುಂದಿತ್ತು.

ಆ ಮನೆಯಲ್ಲಿ ಎತ್ತರವೂ ಶುದ್ಧವೂ ಆದ ಜಾಗ ಒಂದೇ, ದೇವರ ಜಗಲಿ. ಡಬ್ಬಿ ಅಲ್ಲಿಗೇರಿತು.

ಮಳೆಗಾಲದ ಕೊನೆಗೆ ಕಾಡುಹಂದಿಯೊಂದು ಕರಿಯನ ತೊಡೆಯನ್ನು ಕೋರೆಯಿಂದ ಸೀಳಿತು. ನಾಯಿ ಕುಂಟುತ್ತಾ ಬಂದು ಅಂಗಳದಲ್ಲಿ ಬಿತ್ತು. ಆ ವಾರವೇ ಬೀರಪ್ಪನ ಸೊಸೆ ಹಡೆದಿದ್ದಳು. ಮೈಲಿಗೆ ಕಳೆಯುವವರೆಗೆ ಹಡೆದ ಮನೆಯವರು ಜಗಲಿ ಮುಟ್ಟುವಂತಿಲ್ಲ. ಡಬ್ಬಿ ಇಳಿಸಲು ಬೇರೆ ಮನೆಯವರೇ ಬರಬೇಕು, ಓಣಿಗೆ ಓಣಿಯೇ ಸೇಂಗಾ ಕೀಳಲು ಹೋಗಿತ್ತು. ಅವರನ್ನು ಕರೆಯಲು ಮಗ ಹೊಲಕ್ಕೆ ಓಡಿದ. ಬೀರಪ್ಪನ ಹೆಗಲ ಮೇಲೆ ಟವೆಲ್ ಇತ್ತು. ಹೊಲಸು ಬಟ್ಟೆ ಬೇಡ ಎಂದಿದ್ದೆನಲ್ಲ, ರಕ್ತ ಸುರಿಯುತ್ತಿದ್ದರೂ ಅವನು ಅದನ್ನು ತೆಗೆದು ಗಾಯಕ್ಕೆ ಒತ್ತಲಿಲ್ಲ.

ನನಗೆ ಸುದ್ದಿ ಮುಟ್ಟಿ ನಾನು ಹೋಗುವ ಹೊತ್ತಿಗೆ ನೆರೆಯವರು ಬಂದು ಡಬ್ಬಿ ಇಳಿಸಿಕೊಟ್ಟಿದ್ದರು. ಬ್ಯಾಂಡೇಜು ನಾನು ಹೇಳಿಕೊಟ್ಟಂತೆಯೇ ಅಚ್ಚುಕಟ್ಟಾಗಿತ್ತು, ಬೆಳ್ಳಗಿತ್ತು. ಕರಿಯನ ಒಸಡುಗಳೂ ಅಷ್ಟೇ ಬೆಳ್ಳಗಿದ್ದವು. ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ನಾನು ಸಲೈನ್ ಹಚ್ಚುತ್ತಿದ್ದಂತೆಯೇ ಅದರ ಉಸಿರು ನಿಂತಿತು.

ಬೀರಪ್ಪ ಕೇಳಿದ: "ಬರೇ ಕೈಲೇ ಒತ್ತಿ ಹಿಡಿದಿದ್ರ ಉಳೀತಿತ್ತೇನ್ರಿ ಡಾಕ್ಟ್ರ?"

"ಇಲ್ಲಪ್ಪ, ಗಾಯ ಭಾಳ ಆಳ ಇತ್ತು" ಎಂದೆ.

ಬಹುಶಃ ಉಳಿಯುತ್ತಿತ್ತು.

ಆಮೇಲೂ ಎಷ್ಟೋ ನಾಯಿಗಳಿಗೆ ಔಷಧ ಕಟ್ಟಿಕೊಟ್ಟಿದ್ದೇನೆ. ಈಗ ಎಲ್ಲಕ್ಕೂ ಮೊದಲು, ಸಾಕಿದವರ ಅಂಗೈ ಹಿಡಿದು ನಾಯಿಯ ತೊಡೆಯ ಮೇಲೆ ಒತ್ತಿಸುತ್ತೇನೆ. ರಕ್ತ ಸುರಿಯುವಾಗ ಮೊದಲು ಇದು, ಉಳಿದದ್ದೆಲ್ಲ ಆಮೇಲೆ ಎನ್ನುತ್ತೇನೆ. "ಇಷ್ಟೂ ಗೊತ್ತಾಗಂಗಿಲ್ಲೇನ್ರಿ ನಮಗ?" ಎಂದು ನಗುತ್ತಾರೆ. ನಾನು ಅವರ ಕೈಯನ್ನು ಇನ್ನಷ್ಟು ಹೊತ್ತು ಒತ್ತಿ ಹಿಡಿಯುತ್ತೇನೆ.