ಅಣ್ಣ ಸಣ್ಣಗಾದದ್ದು

ನಾನು ದಪ್ಪಗಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇನೂ ಇಲ್ಲ. ಕೊಳ್ಳೇಗಾಲದ ಬಸ್ಸಿನಲ್ಲಿ ನಾನು ಕೂತ ಸೀಟಿನ ಬಳಿ ಬಂದವರು 'ಸ್ವಲ್ಪ ಜರುಗಿ' ಎನ್ನುವುದಿಲ್ಲ. ಒಮ್ಮೆ ನನ್ನನ್ನೂ ಒಮ್ಮೆ ಸೀಟನ್ನೂ ನೋಡಿ ಹಿಂದಕ್ಕೆ ಹೋಗುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಭಾಷೆಯೇ ಸಮಾಧಾನ ಹೇಳುತ್ತಿತ್ತು. ಮರ್ಯಾದಸ್ಥನನ್ನು ನಾವು 'ತೂಕದ ಮನುಷ್ಯ' ಎನ್ನುತ್ತೇವೆ. ಮಾನ ಕಳೆದರೆ 'ಹಗುರಾದ' ಎನ್ನುತ್ತೇವೆ. ಮದುವೆಯಾದ ಹುಡುಗಿ ಮೈಕೈ ತುಂಬಿಕೊಳ್ಳದಿದ್ದರೆ ತವರಿನವರಿಗೆ ನಿದ್ದೆ ಬರುವುದಿಲ್ಲ. ಇಂಥ ಭಾಷೆಯಲ್ಲಿ ಹುಟ್ಟಿದವನು ತೆಳ್ಳಗಾಗುವುದಾದರೂ ಹೇಗೆ?

ನನಗಿಂತ ತೂಕದವನು ನನ್ನಣ್ಣ ಮಹದೇವ. ಹೊನ್ನೂರಿನಲ್ಲಿ ಭತ್ತ, ಕಬ್ಬು ಬೆಳೆದುಕೊಂಡಿದ್ದಾನೆ. ಟ್ರ್ಯಾಕ್ಟರು ಬಂದ ಮೇಲೆ ಮೈ ಬಗ್ಗಿಸುವ ಕೆಲಸ ಕಡಿಮೆಯಾಯಿತು, ಊಟ ಮಾತ್ರ ನೇಗಿಲ ಕಾಲದ್ದೇ ಉಳಿಯಿತು. ಎರಡು ವರ್ಷದ ಹಿಂದೆ ಏದುಸಿರೆಂದು ಯಳಂದೂರಿನ ಡಾಕ್ಟರ ಬಳಿ ಹೋದಾಗ ಅವರು ಅವನ ಹೊಟ್ಟೆ ನೋಡಿ ಬಿಪಿ, ಸಕ್ಕರೆ, ಹೃದಯ, ಮಂಡಿ ಎಂದು ಮುಂದೆ ಬರಬಹುದಾದ ನೆಂಟರನ್ನೆಲ್ಲ ಹೆಸರಿಸಿದರು. ತೂಕ ಇಳಿಸಬೇಕು, ರಕ್ತ ಪರೀಕ್ಷೆ ಮಾಡಿಸಬೇಕು ಎಂದರು. ಅಣ್ಣ ಎರಡರಲ್ಲಿ ಒಂದನ್ನು ಆರಿಸಿಕೊಂಡ. ಶೂ ಕೊಂಡು ಬೆಳಗ್ಗೆ ನಾಲೆ ಏರಿಯ ಮೇಲೆ ನಡೆಯತೊಡಗಿದ.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಇಳಿಯತೊಡಗಿದ. ಪಂಚೆ ನಿಲ್ಲದೆ ಬೆಲ್ಟು ಕಟ್ಟಿದ. ಗದ್ದದ ಕೆಳಗಿನ ಮಡಿಕೆ ಮಾಯವಾಗಿ, ತೀರಿಹೋದ ಅಪ್ಪನ ಮುಖ ಅವನ ಮುಖದಲ್ಲಿ ಕಾಣಿಸತೊಡಗಿತು. ಮಾಂಬಳ್ಳಿಯ ಮದುವೆಯೊಂದರಲ್ಲಿ ನೆಂಟರೆಲ್ಲ ಅವನನ್ನು ಸುತ್ತುಗಟ್ಟಿ ಗುಟ್ಟು ಕೇಳಿದರು. ಅವನು ಎಲೆಯ ಮೇಲಿನ ಒಬ್ಬಟ್ಟನ್ನು ಪಕ್ಕಕ್ಕೆ ಸರಿಸಿ, "ಏನಿಲ್ಲ, ಮನಸ್ಸು ಗಟ್ಟಿ ಮಾಡ್ಬೇಕು ಅಷ್ಟೆಯಾ," ಎಂದ. ಪಕ್ಕದಲ್ಲಿ ಎರಡನೆಯ ಒಬ್ಬಟ್ಟು ಮುರಿಯುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಹೊಟ್ಟೆಯಲ್ಲಿ ಕಿಚ್ಚಿಗೂ ಬೇಕಾದಷ್ಟು ಜಾಗವಿತ್ತು.

ಅವನಿಗೆ ಬಾಯಾರಿಕೆ ಹೆಚ್ಚಿತ್ತು. ನಡೆದವನಿಗೆ ಬಾಯಾರದೆ ಇರುತ್ತದೆಯೇ ಎಂದೆವು. ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದ. ಅಷ್ಟು ನೀರು ಕುಡಿದರೆ ಇನ್ನೇನು ಎಂದೆವು. ಮಧ್ಯಾಹ್ನ ಸುಸ್ತಾಗಿ ಮಲಗುತ್ತಿದ್ದ. ಒಳ್ಳೆಯ ವ್ಯಾಯಾಮದ ಗುರುತು ಎಂದೆವು. ಒಂದೊಂದಕ್ಕೂ ನಮ್ಮಲ್ಲಿ ಉತ್ತರ ಸಿದ್ಧವಿತ್ತು. ಅವ್ವ ಒಬ್ಬಳೇ ಒಪ್ಪಲಿಲ್ಲ. "ಯಾಕ್ಲಾ ಮಗಾ, ಕೆನ್ನೆ ಬತ್ತೋಗದೆ. ಏನಾರಾ ಆಗದೆ ಕಣ್ಲಾ ನಿಂಗೆ," ಎಂದು ಅವನ ಗಲ್ಲ ಮುಟ್ಟಿ ಕಣ್ಣಲ್ಲಿ ನೀರು ತಂದುಕೊಂಡಳು. ಹೆತ್ತವರಿಗೆ ಮಕ್ಕಳು ಸೊರಗಿದಂತೆಯೇ ಕಾಣುವುದು ಎಂದು ನಾವೆಲ್ಲ ನಕ್ಕೆವು. ರಕ್ತ ಪರೀಕ್ಷೆಯ ಮಾತು ತೆಗೆದ ಅತ್ತಿಗೆಗೆ ಅಣ್ಣ, "ತೂಕನೇ ಇಳ್ದೋಯ್ತಲ್ಲ ಕಣಮ್ಮಿ, ಇನ್ಯಾಕೆ ಟೆಸ್ಟು?" ಎಂದ.

ಒಂದು ದಿನ ಅತ್ತಿಗೆಯ ಫೋನು ಬಂತು. "ನಿಮ್ಮಣ್ಣನ ಶೂ ಒಳಗೆ ರಕ್ತ, ಕೀವು. ಅವ್ರಿಗೆ ಗೊತ್ತೇ ಇಲ್ಲ, ಬೇಗ್ ಬನ್ನಿ." ಹೋಗಿ ನೋಡಿದರೆ ಹೆಬ್ಬೆರಳು ಕಪ್ಪಾಗಿತ್ತು. ಅಣ್ಣ ಒಂದಿಷ್ಟು ಜಂಬದಿಂದಲೇ, "ನೋವೇ ಇಲ್ಲ ಕಣ್ಲಾ," ಎಂದ. ನನಗೂ ಅದು ಒಳ್ಳೆಯ ಸುದ್ದಿಯಂತೆಯೇ ಕೇಳಿಸಿತು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ, ಯಾವಾಗಿನಿಂದ ಸಣ್ಣಗಾದಿರಿ ಎಂದು ಕೇಳಿದರು. ನಾನೇ ಮುಂದೆ ಬಂದು, "ದಿನಾ ವಾಕಿಂಗ್ ಮಾಡ್ತಾರೆ ಸಾರ್, ಬಹಳ ಶಿಸ್ತು," ಎಂದೆ. ಅವರು ನನ್ನನ್ನು ಬೈಯಬಹುದಿತ್ತು. ಬೈಯದೆ, ಬೆರಳಿಗೆ ಸೂಜಿ ಚುಚ್ಚಿ ಬಂದ ಅಂಕಿಯನ್ನು ತೋರಿಸಿದರು. "ಸಕ್ಕರೆ ಮಿತಿ ಮೀರಿದೆ. ತಿಂದದ್ದು ಮೈಗೆ ಹತ್ತದೆ ಮೂತ್ರದಲ್ಲಿ ಹೋಗ್ತಿದೆ. ಕಾಲಿನ ನರ ಸತ್ತು ನೋವೂ ತಿಳೀತಿಲ್ಲ. ಇವರು ಕರಗಿದ್ದು ವಾಕಿಂಗಿನಿಂದಲ್ಲ." ಕಾಯಿಲೆ ಬಂದದ್ದಕ್ಕಿಂತ, ತಾನು ಗೆದ್ದದ್ದು ಸುಳ್ಳಾಯಿತಲ್ಲ ಎಂಬುದು ಅಣ್ಣನನ್ನು ಮುರಿಯಿತು.

ಮೈಸೂರಿನಲ್ಲಿ ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತು, ಪಾಠ ಹೇಳುವವನ ಚಾಳಿಯಂತೆ, ಮಧುಮೇಹ ಎಂಬ ಶಬ್ದವನ್ನು ಯೋಚಿಸುತ್ತಿದ್ದೆ. ಮಧು ಎಂದರೆ ಜೇನು, ಮೇಹ ಎಂದರೆ ಮೂತ್ರ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಹಿಂದಿನವರು ಈ ರೋಗವನ್ನು ಗುರುತಿಸುತ್ತಿದ್ದರಂತೆ. ನಮ್ಮ ಮನೆಯಲ್ಲಿ ಅಷ್ಟು ಜನ ಇದ್ದೆವು. ಒಂದು ಇರುವೆಗೆ ತಿಳಿಯುವುದು ನಮಗೆ ತಿಳಿಯಲಿಲ್ಲ. ಯೋಚನೆ ಅಲ್ಲಿಗೆ ಬಂದಾಗ ನಾನು ಅತ್ತೆ.

ಈಗ ಅಣ್ಣನಿಗೆ ದಿನವೂ ಇನ್ಸುಲಿನ್. ಅದು ಶುರುವಾದ ಮೇಲೆ ತಿಂದದ್ದು ಮತ್ತೆ ಮೈಗೆ ಹತ್ತುತ್ತಿದೆ. "ಈಗ ನೋಡು, ಮೊಕ ತುಂಬ್ಕತಾ ಅದೆ," ಎಂದು ಅವ್ವ ಹಿಗ್ಗುತ್ತಾಳೆ. ತೂಕ ಹೆಚ್ಚುತ್ತಿದೆ, ಹುಷಾರು ಎಂದು ಡಾಕ್ಟರು ಗದರುತ್ತಾರೆ. ಅವನು ಊದಿದರೂ ಭಯ, ಇಳಿದರೂ ಭಯ. ಮನೆಗೆ ಬಂದವರು 'ಹೇಗಿದ್ದೀಯಪ್ಪ' ಎಂದರೆ ಯಾವ ಉತ್ತರ ಒಳ್ಳೆಯದೆಂದು ನಮಗಾರಿಗೂ ಗೊತ್ತಿಲ್ಲ. ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಎಂದರು. ಹೊಸ್ತಿಲ ಮೇಲೆ ನಿಂತ ನೆಂಟನನ್ನು ವಾಪಸು ಕಳಿಸುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿಲ್ಲ.

ಭಾನುವಾರ ನಾನು ಹೊನ್ನೂರಿಗೆ ಹೋಗುತ್ತೇನೆ. ಗಾಯ ಮಾಗಿದೆ, ನಿಧಾನಕ್ಕೆ ನಡೆಯಬಹುದು ಎಂದಿದ್ದಾರೆ. ಮೆತ್ತನೆಯ ಚಪ್ಪಲಿ ಹಾಕಿ ಅವನು ಕುಂಟುತ್ತಾನೆ, ಪಕ್ಕದಲ್ಲಿ ನಾನು ಏದುಸಿರು ಬಿಡುತ್ತೇನೆ. ಇಬ್ಬರ ವೇಗವೂ ಒಂದೇ. ಮೊನ್ನೆ ಪಕ್ಕದೂರು ಅಗರದ ಕಡೆಯಿಂದ ಹುಲ್ಲು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ನಿಂತು, "ಅಣ್ತಮ್ಮದೀರು ಇಬ್ರೂವೆ ಎಲ್ಲಿಗ್ ಒಂಟ್ರಪ್ಪಾ?" ಎಂದು ಕೇಳಿದಳು.

"ಎಲ್ಗೂ ಇಲ್ಲ ಕಣವ್ವಾ," ಎಂದ ಅಣ್ಣ. "ಇಲ್ಲೇ ಇರಾದಿಕ್ಕೆ ನಡೀತಾ ಇದ್ದೀವಿ."