ಒರೋಸಿಯಾಳಿಗೆ ದಕ್ಕದ ಕಪ್ಪು

ಗಂಡ ಸತ್ತವಳು ಅಳುವುದಕ್ಕೆ ಯಾರ ಅಪ್ಪಣೆ ಕೇಳಬೇಕು? ಅರಗಾನ್ ಪ್ರಾಂತ್ಯದ ಒಣಬಯಲಿನ ನಮ್ಮೂರಿನಲ್ಲಿ ಠಾಣೆಯ ಹವಾಲ್ದಾರನನ್ನು ಕೇಳಬೇಕಿತ್ತು. ಒರೋಸಿಯಾ ಕೇಳಲಿಲ್ಲ.

೧೯೩೬ರ ಆಗಸ್ಟ್. ಸರ್ಕಾರದ ಮೇಲೆ ಸೈನ್ಯ ದಂಗೆಯೆದ್ದು ತಿಂಗಳಾಗಿತ್ತು. ಕಣದಲ್ಲಿ ಗೋಧಿ ತೂರುತ್ತಿದ್ದಾಗ ದಂಗೆಯ ಪಕ್ಷದ ನೀಲಿ ಅಂಗಿಯವರ ಲಾರಿ ಬಂತು. ಅವಳ ಗಂಡ ವಲೇರೊ ಕೂಲಿಗಳ ಸಂಘದಲ್ಲಿದ್ದ. ಕೂಲಿಯವನೂ ಮಧ್ಯಾಹ್ನ ನೆರಳಲ್ಲಿ ಕೂತು ಉಣ್ಣಲಿ ಎಂದು ಜಮೀನುದಾರರ ಮುಖಕ್ಕೇ ಹೇಳಿದ್ದ. ಅಪರಾಧ ಅಷ್ಟೇ. ಅವನ ಹೆಸರು ಕೊಟ್ಟವನು ಒಡಹುಟ್ಟಿದ ಅಣ್ಣ ಲಾಂಬೆರ್ತೊ. ನದಿ ದಂಡೆಯ ಆಲಿವ್ ತೋಟದಲ್ಲಿ ತಮ್ಮನಿಗೂ ಪಾಲಿತ್ತಲ್ಲ, ಅದಕ್ಕೆ. ಲಾರಿ ಹೋದ ದಿಕ್ಕಿನಿಂದ ಗುಂಡಿನ ಸದ್ದು ಊರಿಗೆಲ್ಲ ಕೇಳಿತು. ಹೆಣ ಮಾತ್ರ ಯಾರಿಗೂ ಸಿಗಲಿಲ್ಲ.

ನಮ್ಮಲ್ಲಿ ಸಾವಾದ ಮನೆಯ ಒಲೆಗೆ ಮೊದಲು ಏರುವುದು ಬಣ್ಣದ ಹಂಡೆ. ಆಕ್ರೋಟಿನ ಸಿಪ್ಪೆ, ತುಕ್ಕುಗಬ್ಬಿಣ ಹಾಕಿ ಕುದಿಸಿ ಹೆಂಗಸರ ಬಟ್ಟೆಯನ್ನೆಲ್ಲ ಅದ್ದಿ ಕಪ್ಪು ಮಾಡುತ್ತಾರೆ. ಬೆಂಕಿ ಹಾಕುವುದು ಪಕ್ಕದ ಮನೆಯವರ ಪಾಲು. ಒರೋಸಿಯಾಳ ಹಂಡೆಗೆ ಬೆಂಕಿ ಹಾಕಿದವಳು ನನ್ನ ತಾಯಿ ತೋಮಾಸಾ. ಯಾರಿಗೆ ಎಷ್ಟು ಕಾಲ ಕಪ್ಪು ಎಂಬುದಕ್ಕೂ ಕಟ್ಟಳೆಯಿದೆ. ಗಂಡನಿಗಾದರೆ ಸಾಯುವತನಕ, ಭಾವನಿಗಾದರೆ ಒಂದು ವರ್ಷ. ಮೈಮೇಲಿನ ಬಟ್ಟೆ ನೋಡಿಯೇ ಯಾರು ಸತ್ತರು, ಎಂದು ಸತ್ತರು ಎಂದು ಊರಿನ ಯಾವ ಮುದುಕಿಯಾದರೂ ಹೇಳಿಬಿಡುತ್ತಾಳೆ.

ಬಟ್ಟೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಸಿಯದನ್ನೇ ತೊಟ್ಟು ಕೂತಿದ್ದಳು. ಹವಾಲ್ದಾರ ಬಾಗಿಲಿಗೆ ಬಂದ.

"ಯಾರಮ್ಮ ಸತ್ತಿದ್ದು?"

"ನನ್ನ ಗಂಡ."

"ಯಾರು ಹೇಳಿದ್ರು? ಹೆಣ ನೋಡಿದ್ಯಾ? ಚರ್ಚಲ್ಲಿ ಗಂಟೆ ಹೊಡೆದ್ರಾ?"

"ಗುಂಡಿನ ಸದ್ದು ನಿಮಗೂ ಕೇಳಿಸ್ತಲ್ಲ ಸ್ವಾಮಿ."

"ಯಾರೋ ಮೊಲ ಹೊಡೆದಿರ್ತಾರೆ. ನಿನ್ನ ಗಂಡ ನಿನ್ನ ಬಿಟ್ಟು ಫ್ರಾನ್ಸಿಗೆ ಓಡಿಹೋದ, ತಿಳೀತಾ? ಓಡಿಹೋದೋನಿಗೆ ಯಾವೂರಲ್ಲೂ ಕಪ್ಪು ಹಾಕಲ್ಲ. ಬಿಚ್ಚು. ಇಲ್ಲಾಂದ್ರೆ ತಲೆ ಬೋಳಿಸಿ ಚೌಕದಲ್ಲಿ ಮೆರವಣಿಗೆ ಮಾಡಿಸ್ತೀನಿ, ಈ ಮಗೂನ ಅನಾಥಾಶ್ರಮಕ್ಕೆ ಹಾಕಿಸ್ತೀನಿ."

ಅವಳ ತೊಡೆಯ ಮೇಲಿದ್ದ ಮಗು ಎಂಗ್ರಾಸಿಯಾ ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದ ಕೂಸು. ಒರೋಸಿಯಾ ಕಪ್ಪು ಬಿಚ್ಚಿ ಹಳದಿ ಹೂವಿನ ಲಂಗ ತೊಟ್ಟಳು. ಕೊಂದವರೇ ಸಾವನ್ನು ಸಾವಲ್ಲ ಎಂದರು. ಅದನ್ನು ಆಡಳಿತ ಎಂದು ಕರೆದರು, ಶಿಸ್ತು ಎಂದು ಕರೆದರು. ನಾನು ಕರೆಯುವ ಹೆಸರು ಬೇರೆ, ಅದನ್ನು ಯಾರೂ ಅಚ್ಚು ಹಾಕುವುದಿಲ್ಲ.

ಮಗಳಿಗೂ ಅವಳು ಅದೇ ಹೇಳಿದಳು: ಅಪ್ಪ ಫ್ರಾನ್ಸಿನಲ್ಲಿದ್ದಾನೆ. ಶಾಲೆಯಲ್ಲಿ ಮಗು ಬಾಯಿ ತಪ್ಪಿ ಬೇರೇನಾದರೂ ಅಂದರೆ ಗತಿ? ಊರೂ ಅದನ್ನೇ ಹೇಳಿತು. ಮೊದಲು ಹೆದರಿ ಹೇಳಿತು. ಆಮೇಲೆ ಹೆದರಿಕೆ ಮರೆತು ಮಾತಷ್ಟೇ ಉಳಿಯಿತು.

ಹತ್ತು ವರ್ಷದ ಮೇಲೆ, ಒಂದು ಚಳಿಗಾಲದಲ್ಲಿ ಲಾಂಬೆರ್ತೊ ಎದೆಗೆ ಕಫ ಕಟ್ಟಿ ಸತ್ತ. ಸುದ್ದಿ ತಂದವಳು ನನ್ನ ತಾಯಿ.

"ಪೀಡೆ ತೊಲಗಿತು ಕಣೇ. ಸೈತಾನ ಬಾಗಿಲಲ್ಲೇ ಕಾಯ್ತಾ ಇರ್ತಾನೆ."

"ತೋಮಾಸಾ, ಹಂಡೆ ಇಡು."

"ಯಾರಿಗೇ? ಆ ನಾಯಿಗಾ?"

"ಭಾವ ಸತ್ರಲ್ಲ. ಭಾವನಿಗೆ ಕಪ್ಪು ಹಾಕಿದ್ರೆ ಹವಾಲ್ದಾರ ಏನಂತಾನೆ?"

ನನ್ನ ತಾಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಹೋಗಿ ಸೌದೆ ತಂದಳು.

ಮಣ್ಣು ಮಾಡುವಾಗ ಒರೋಸಿಯಾ ಅತ್ತಷ್ಟು ಯಾರೂ ಅಳಲಿಲ್ಲ. ಹತ್ತು ವರ್ಷ ತಡೆದದ್ದೆಲ್ಲ ಹೊರಗೆ ಬಂತು, ಕೊಲ್ಲಿಸಿದವನ ಗುಂಡಿಯ ಅಂಚಿನಲ್ಲಿ. ಹವಾಲ್ದಾರ ಟೋಪಿ ತೆಗೆದು ನಿಂತ. ಲಾಂಬೆರ್ತೊನ ಹೆಂಡತಿ ಬಿಬಿಯಾನಾ ಅವಳನ್ನು ತಬ್ಬಿಕೊಂಡು, "ಅವರ ಮೇಲೆ ನಿನಗೆ ಇಷ್ಟು ಪ್ರೀತಿ ಇತ್ತು ಅಂತ ಗೊತ್ತೇ ಇರ್ಲಿಲ್ಲ ತಂಗಿ" ಎಂದಳು. ಒರೋಸಿಯಾ ತಬ್ಬಿಸಿಕೊಂಡಳು. ಕಪ್ಪಿಗಾಗಿ ಅದನ್ನೂ ಸಹಿಸಿದಳು.

ವರ್ಷ ಕಳೆಯಿತು. ಅವಳು ಬಿಚ್ಚಲಿಲ್ಲ. ಅವಳು ತೊಟ್ಟದ್ದು ಗಂಡನಿಗೆ, ಅದಕ್ಕೆ ಕೊನೆಯಿಲ್ಲ. ಊರು ಮಾತ್ರ ಬಟ್ಟೆ ನೋಡಿ ಲೆಕ್ಕ ಹಾಕಿತು. ಬಟ್ಟೆ ತೊಳೆಯುವ ಕೊಳದಲ್ಲಿ ಶುರುವಾಯಿತು.

"ಯಾಕೆ ಒರೋಸಿಯಾ, ವರ್ಷ ಆದ್ರೂ ಬಿಚ್ಚಿಲ್ಲ?"

"ಬೇರೆ ಬಟ್ಟೆ ಇಲ್ಲ."

"ಬಟ್ಟೆ ಇಲ್ವೋ ಮನಸ್ಸಿಲ್ವೋ? ಬಿಬಿಯಾನಾಗಿಂತ ನೀನೇ ಕರ್ರಗಿದ್ದೀಯ ನೋಡು."

"ಪಾಪ, ಫ್ರಾನ್ಸು ದೂರ ಅಲ್ವಾ! ಭಾವನ ಮನೆ ಹತ್ತಿರ!"

ಕೊಳದ ಸುತ್ತ ನಗು. ನಕ್ಕವರಲ್ಲಿ ಅರ್ಧಕ್ಕರ್ಧ ಹೆಂಗಸರು ಆ ಆಗಸ್ಟಿನಲ್ಲಿ ಅದೇ ಕೊಳದಲ್ಲಿದ್ದವರು, ಅದೇ ಗುಂಡಿನ ಸದ್ದು ಕೇಳಿ ಶಿಲುಬೆಯ ಗುರುತು ಹಾಕಿಕೊಂಡವರು. ಸರ್ವಾಧಿಕಾರಿಗೆ ಬಂದೂಕು ಹಿಡಿದವರು ಎಷ್ಟು ಬೇಕೋ ಕೊಳದ ಬಳಿ ನಗುವವರೂ ಅಷ್ಟೇ ಬೇಕು. ಅವರಿಗೆ ಸಂಬಳವನ್ನೂ ಕೊಡಬೇಕಾಗಿಲ್ಲ.

ಎಂಗ್ರಾಸಿಯಾ ಆ ನಗೆಯ ನಡುವೆಯೇ ಬೆಳೆದಳು. ಸರಗೋಸಾ ಪಟ್ಟಣದ ಬೇಕರಿ ಮನೆಯ ಹುಡುಗ ಒಪ್ಪಿದ. ಬೀಗನಾಗಲಿದ್ದವನು ನೀಲಿ ಅಂಗಿಯವನೇ, ಯುದ್ಧದ ಪದಕವಿದ್ದವನು. ಹುಡುಗನ ತಾಯಿ ಒಂದೇ ಮಾತು ಹೇಳಿ ಕಳಿಸಿದಳು: ಹುಡುಗಿಯ ತಾಯಿ ಆ ಕಪ್ಪಿನಲ್ಲಿ ಬಂದರೆ ಮದುವೆ ಇಲ್ಲ, ನಮ್ಮ ಕಿವಿಗೂ ಮಾತು ಬಿದ್ದಿದೆ.

ಆ ಸಂಜೆ ತಾಯಿ ಮಗಳ ನಡುವೆ ಆದ ಮಾತನ್ನು ನನ್ನ ತಾಯಿ ಗೋಡೆಯಾಚೆಯಿಂದ ಕೇಳಿಸಿಕೊಂಡಳು.

"ಅಮ್ಮಾ, ಕೈ ಮುಗೀತೀನಿ. ಒಂದು ದಿನ ಬಿಚ್ಚು."

"ಇದು ನಿನ್ನ ದೊಡ್ಡಪ್ಪನಿಗಲ್ಲ ಮಗಳೇ. ನಿಮ್ಮಪ್ಪನಿಗೆ."

"ಅಪ್ಪ ಸತ್ತಿಲ್ವಲ್ಲ."

"ಸತ್ತಿದ್ದಾರೆ. ಹೊಡೆದುಹಾಕಿದ್ರು. ಆಗ ನೀನಿನ್ನೂ ಕೂಸು. ಹೆಸರು ಕೊಟ್ಟಿದ್ದು ನಿನ್ನ ದೊಡ್ಡಪ್ಪನೇ."

ಮಗಳು ನಕ್ಕಳು.

"ಇಷ್ಟು ವರ್ಷ ಅಪ್ಪ ಫ್ರಾನ್ಸಲ್ಲಿ ಬದುಕಿದ್ದ. ಇವತ್ತು ನಿನಗೆ ಬೇಕಾಯ್ತು ಅಂತ ಸತ್ತುಹೋದ್ನಾ? ಗೋರಿ ಎಲ್ಲಿದೆ ತೋರಿಸು."

"ಗೋರಿ ಇಲ್ಲ."

"ಕೊಲ್ಲಿಸಿದೋನಿಗೆ ಎದೆ ಬಡ್ಕೊಂಡು ಅತ್ತಿದ್ಯಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಯಾರು ನಂಬ್ತಾರಮ್ಮ? ನಿಜ ಆದ್ರೆ ನಡಿ, ಬೀಗರ ಮುಂದೆ ಹೇಳು."

ಬೀಗರ ಮುಂದೆ ಹೇಳಿದರೆ ಮದುವೆಯೂ ಮುರಿಯುತ್ತದೆ, ತಾಯಿಯೂ ಜೈಲಿಗೆ ಹೋಗುತ್ತಾಳೆ. ಹೇಳದಿದ್ದರೆ ಸುಳ್ಳುಗಾತಿ. ಒರೋಸಿಯಾ ಎದ್ದು ಕಪ್ಪು ಬಿಚ್ಚಿದಳು. ಪಾಚಿ ಬಣ್ಣದ ಬಟ್ಟೆಯೊಂದನ್ನು ನನ್ನ ತಾಯಿಯಿಂದ ಕಡ ತಂದು ತೊಟ್ಟು ಸರಗೋಸಾಕ್ಕೆ ಹೋದಳು. ಪದ್ಧತಿಯಂತೆ ಬೀಗ ಕುಣಿತಕ್ಕೆ ಕೈ ಚಾಚಿದಾಗ ಪದಕದ ಎದುರು ನಿಂತು ಕುಣಿದಳು ಕೂಡ.

ಮಗಳಿಗಾಗಿ ಬಿಚ್ಚಿದಳು. ಬಿಚ್ಚಿದ್ದರಿಂದಲೇ ಮಗಳನ್ನು ಕಳೆದುಕೊಂಡಳು. "ನಿಜವಾಗ್ಲೂ ಅಪ್ಪನಿಗೇ ಹಾಕಿದ್ದಾಗಿದ್ರೆ ಅಷ್ಟು ಸುಲಭವಾಗಿ ಬಿಚ್ತಿದ್ಲಾ?" ಎಂದು ಎಂಗ್ರಾಸಿಯಾ ಆಮೇಲೆ ನನ್ನ ತಾಯಿಯನ್ನೇ ಕೇಳಿದಳಂತೆ. ನಮ್ಮೂರಲ್ಲಿ ಹುಟ್ಟಿದವಳಲ್ಲವೇ, ಅವಳೂ ಬಟ್ಟೆಯನ್ನೇ ನಂಬಿದಳು. ಕ್ರಿಸ್ಮಸ್ಸಿಗೆ ಬಾದಾಮಿ ಮಿಠಾಯಿ ಕಳಿಸುತ್ತಿದ್ದಳು, ತಾನು ಬರುತ್ತಿರಲಿಲ್ಲ. ಒರೋಸಿಯಾ ಮತ್ತೆ ಕಪ್ಪು ತೊಡುವಂತಿರಲಿಲ್ಲ. ಒಮ್ಮೆ ಬಿಚ್ಚಿದ ಮೇಲೆ ತೊಡಲು ಹೊಸ ಸಾವು ಬೇಕು. ಅವಳಿಗೆ ಸಾಯುವ ನಂಟರು ಯಾರೂ ಉಳಿದಿರಲಿಲ್ಲ.

೧೯೭೧ರಲ್ಲಿ ಅವಳು ಸತ್ತಳು. ಆ ದಂಗೆಯಿಂದ ಗದ್ದುಗೆಯೇರಿದ ಸರ್ವಾಧಿಕಾರಿ ಇನ್ನೂ ಅಲ್ಲೇ ಗಟ್ಟಿಯಾಗಿ ಕೂತಿದ್ದ. ಎಂಗ್ರಾಸಿಯಾ ಸರಗೋಸಾದಿಂದ ಬಂದಳು, ತಲೆಯಿಂದ ಕಾಲಿನತನಕ ಕಪ್ಪು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಸ್ಮಶಾನದ ಗೇಟಿನಲ್ಲಿ ಠಾಣೆಯ ಸಿವಿಲ್ ಗಾರ್ಡ್ ಪೊಲೀಸರಿಬ್ಬರು ಸಿಗರೇಟು ಸೇದುತ್ತ ನಿಂತಿದ್ದರು. ಅವಳು ನನ್ನ ತಾಯಿಯ ಕೈ ಹಿಡಿದುಕೊಂಡಳು.

"ತೋಮಾಸಾ ಚಿಕ್ಕಮ್ಮ, ದ್ರಾಕ್ಷಿ ಕುಯ್ಲಿಗೆ ಫ್ರಾನ್ಸಿಗೆ ಹೋಗಿಬರೋರು ಊರಲ್ಲಿ ಯಾರಾದ್ರೂ ಇದ್ದಾರಾ? ಎಷ್ಟಾದ್ರೂ ಗಂಡ. ಅಪ್ಪನಿಗೆ ಸುದ್ದಿ ಮುಟ್ಟಿಸಬೇಕಿತ್ತು."

ನನ್ನ ತಾಯಿ ಅವಳ ಮುಖ ನೋಡಿದಳು. ಗೇಟಿನ ಕಡೆ ನೋಡಿದಳು.

"ಕೇಳಿ ನೋಡ್ತೀನಿ ಮಗಳೇ" ಎಂದಳು.