ಸೈಲೆನ್ಸರಿಗೆ ಸುತ್ತಿದ ಪಟ್ಟಿ

ನಮ್ಮ ಕಾರು ಸಿಗ್ನಲ್ಲಿನಲ್ಲಿ ನಿಂತೊಡನೆ ನನ್ನ ಹಿಮ್ಮಡಿಗಳು ತಾವಾಗಿಯೇ ಮೇಲೇಳುತ್ತವೆ. ಹಸಿರು ದೀಪ ಬೀಳುವವರೆಗೆ ನಾನು ಕಾಲ್ಬೆರಳ ತುದಿಗಳ ಮೇಲೆ ಭಾರ ಹಾಕಿ, ಮುಖದಲ್ಲಿ ಮಾತ್ರ ಪರಮ ಪ್ರಶಾಂತಿಯನ್ನು ಧರಿಸಿ ಕುಳಿತಿರುತ್ತೇನೆ. ಬೆಳಗಿನ ಹೊತ್ತು ಹೂಡಿಯಿಂದ ವೈಟ್‌ಫೀಲ್ಡಿನ ಕಡೆಗೆ ಹೊರಟವರಿಗೆ ಗೊತ್ತು, ಅಲ್ಲಿ ಹಸಿರು ಬೀಳುವುದು ಒಂದು ಔಪಚಾರಿಕ ಘೋಷಣೆಯೇ ಹೊರತು ಯಾರೂ ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ನನ್ನ ಮೀನಖಂಡಗಳು ಸ್ಥೂಲಕಾಯದ ಕನ್ನಡ ಅಧ್ಯಾಪಕಿಯೊಬ್ಬಳಿಗೆ ಶೋಭಿಸದಷ್ಟು ಗಟ್ಟಿಯಾಗಿವೆ.

ಕಾರಣ ಸರಳ. ಎಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಸಾಗಿಸುವ ಕೊಳವೆ, ಗ್ಯಾರೇಜಿನವರು ತಲೆಯಿಂದ ಬಾಲದವರೆಗೆ ಒಟ್ಟಾಗಿ ಸೈಲೆನ್ಸರ್ ಎಂದು ಕರೆಯುವ ಆ ವ್ಯವಸ್ಥೆ, ನಮ್ಮ ಕಾರಿನಲ್ಲಿ ಎಡಗಡೆಯ ಮುಂದಿನ ಸೀಟಿನ ತಳದಲ್ಲೇ ಹಾದುಹೋಗುತ್ತದೆ. ಕೊಳವೆಗೂ ನೆಲಕ್ಕೂ ನಡುವೆ ಒಂದು ತಗಡಿನ ಮರೆ ಇತ್ತು. ಸರ್ಜಾಪುರದಲ್ಲಿ ಯಾರದೋ ಗೃಹಪ್ರವೇಶದ ಹೋಳಿಗೆ ಉಂಡು, ಅರೆನಿದ್ರೆಯಲ್ಲಿ ಮರಳುವಾಗ, ಬಣ್ಣ ಬಳಿಯದ ಹಂಪೊಂದರ ಮೇಲೆ ಕಾರು ಹಾರಿ ಇಳಿದು ಆ ತಗಡು ಕಳಚಿ ಬಿತ್ತು. ನಮ್ಮ ಯಜಮಾನರು ಇಳಿದು ನೋಡಿದರು, "ತಗಡು ತಾನೆ" ಎಂದರು, ಕಾಲಿನಿಂದ ಅದನ್ನು ಮೋರಿಯ ಪಕ್ಕಕ್ಕೆ ಸರಿಸಿ ಬಂದು ಸ್ಟೀರಿಂಗ್ ಹಿಡಿದರು. ಮರುದಿನದಿಂದ ನನ್ನ ಪಾದ ಸುಡತೊಡಗಿತು.

ಹೇಳಿದೆ. ಹೇಳದೆ ಇರುವ ಜಾತಿಯವಳಲ್ಲ ನಾನು. ಆದರೆ ನಮ್ಮ ಯಜಮಾನರು ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದವರು. ಬೇರೆಯವರು ಮಾಡಿದ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ದೋಷವನ್ನೂ ಹುಡುಕಿ ತೆಗೆಯುವುದೇ ಅವರ ಕಸುಬು. ಸ್ವತಃ ಪರೀಕ್ಷಿಸದೆ ಅವರು ಏನನ್ನೂ ಒಪ್ಪುವವರಲ್ಲ. ಅಂತೆಯೇ ಮರುದಿನ ಬೆಳಗ್ಗೆ ಬೇಸ್‌ಮೆಂಟಿಗೆ ಇಳಿದು, ರಾತ್ರಿಯಿಡೀ ನಿಂತು ಮಂಜುಗಡ್ಡೆಯಂತಾಗಿದ್ದ ಕಾರಿನ ನೆಲವನ್ನು ಅಂಗೈಯಿಂದ ಮುಟ್ಟಿ, "ಏನೂ ಇಲ್ವಲ್ಲೇ" ಎಂದು ವರದಿ ಒಪ್ಪಿಸಿದರು. ಮತ್ತೊಮ್ಮೆ ಹೇಳಿದಾಗ ಏಸಿ ಹೆಚ್ಚಿಸಿದರು. ಮಗದೊಮ್ಮೆ ಹೇಳಿದಾಗ, ನನ್ನ ವಯಸ್ಸಿನ ಹೆಂಗಸರಿಗೆ ಅಂಗಾಲು ಉರಿಯುವುದು ಸಹಜವೆಂದೂ ಮೆಂತ್ಯ ನೆನೆಸಿಟ್ಟು ಕುಡಿಯಬೇಕೆಂದೂ ಎಲ್ಲೋ ಓದಿ ತಿಳಿಸಿದರು. ಕುಡಿದೆ ಎಂಬುದನ್ನು ನಾಚಿಕೆಯಿಂದಲೇ ನಿಮಗೆ ಹೇಳುತ್ತಿದ್ದೇನೆ. ಮೆಂತ್ಯಕ್ಕೆ ಎಷ್ಟೇ ಮಹಿಮೆಯಿದ್ದರೂ ಹೊಗೆಕೊಳವೆಯನ್ನು ತಣಿಸುವ ಶಕ್ತಿ ಅದಕ್ಕಿಲ್ಲ. ಕೊನೆಗೆ ಮನೆಬಾಗಿಲ ತೆಂಗಿನ ನಾರಿನ ಕಾಲೊರೆಸನ್ನು ತಂದು ಕಾಲಡಿಗೆ ಹಾಕಿಕೊಂಡು, ವರ್ಷಗಳ ಕಾಲ ಹಾಗೆಯೇ ಓಡಾಡಿದೆ.

ಇನ್ನು ಮುಂದಿನ ಸೀಟಿನ ವಿಚಾರ. ನಮ್ಮಲ್ಲಿ ಹೆಂಡತಿ ಮುಂದೆ ಕೂರುವುದು ಗಂಡನಿಗೆ ಸಮಾನಸ್ಕಂಧರಾದ ಗಂಡಸರು ಯಾರೂ ಕಾರು ಹತ್ತದಿರುವವರೆಗೆ ಮಾತ್ರ. ಯಾರಾದರೂ ಹತ್ತಿದರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅವಳೇ ಇಳಿದು ಸೆರಗು ಸರಿಮಾಡಿಕೊಂಡು ಹಿಂದೆ ಹೋಗುತ್ತಾಳೆ. ಬಂದವರು "ಅಯ್ಯೋ, ಇರ್ಲಿ ಕೂತ್ಕೊಳಿ ಮೇಡಂ" ಎನ್ನುತ್ತಲೇ ಮುಂದಿನ ಬಾಗಿಲು ತೆಗೆದಿರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಕಾರ್ಖಾನೆಯ ಹಿರಿಯ ವ್ಯವಸ್ಥಾಪಕರಾದ ಶ್ರೀಧರಮೂರ್ತಿಯವರ ಕಾರು ಕೆಟ್ಟಿದ್ದರಿಂದ ಅವರನ್ನು ನಾವು ಹತ್ತಿಸಿಕೊಂಡೆವು. ನಾನು ಹಿಂದಕ್ಕೆ ಹೋದೆ. ಮರ್ಯಾದೆಯ ಪ್ರಶ್ನೆಯೆಂದು ನಮ್ಮವರು ಕಾಲೊರೆಸನ್ನು ಮೊದಲೇ ಡಿಕ್ಕಿಗೆ ಸೇರಿಸಿದ್ದರು. ಹೂಡಿ ದಾಟುವಷ್ಟರಲ್ಲಿ ಮೂರ್ತಿಯವರು ಮಿಸುಕಾಡಿ, ಬೂಟುಗಾಲು ಎತ್ತಿ, ಸಾವಕಾಶವಾಗಿ ನುಡಿದರು: "ಏನ್ರೀ ಮಂಜುನಾಥ್, ಕಾಲು ಸುಡ್ತಾ ಇದೆಯಲ್ರೀ."

"ಹೌದಾ ಸಾರ್? ನಂಗೆ ಗೊತ್ತೇ ಇರ್ಲಿಲ್ಲ ನೋಡಿ."

ಹಿಂದಿನ ಸೀಟಿನಲ್ಲಿ ಕುಳಿತು ಆ ಮಾತು ಕೇಳಿದವಳಿಗೆ ಏನಾಗಿರಬೇಕೆಂದು ನೀವೇ ಊಹಿಸಿ. ಸುಳ್ಳು ಹೇಳಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರು ಸತ್ಯವನ್ನೇ ಹೇಳುತ್ತಿದ್ದರು, ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಹೇಳಿದ್ದು ಅವರ ಕಿವಿಯವರೆಗೆ ಹೋಗಿ, ಅಲ್ಲೇ ಚಪ್ಪಲಿ ಬಿಟ್ಟು ಹೊರಗೇ ಕುಳಿತಿತ್ತು.

ಆ ಶನಿವಾರವೇ ಲಗ್ಗೆರೆಗೆ ಹೊರಟೆವು. ಪೀಣ್ಯದಲ್ಲಿ ಕೆಲಸಕ್ಕಿದ್ದ ಕಾಲದಿಂದಲೂ ನಮ್ಮವರು ಅಲ್ಲಿಯ ಗ್ಯಾರೇಜಿನ ಸಂಗಪ್ಪನನ್ನಲ್ಲದೆ ಬೇರಾರನ್ನೂ ನಂಬುವುದಿಲ್ಲ. ಕಾರಿಗೆ ನೆಗಡಿಯಾದರೂ ಇಡೀ ಬೆಂಗಳೂರನ್ನು ಅಡ್ಡಲಾಗಿ ದಾಟಬೇಕು. ಹಳೆಯ ಮಾದರಿಯ ತಗಡು ಸದ್ಯಕ್ಕೆ ಸಿಗುವುದಿಲ್ಲವೆಂದು ಸಂಗಪ್ಪ ಗಾಜಿನ ನಾರಿನಿಂದ ನೇಯ್ದ ಶಾಖನಿರೋಧಕ ಪಟ್ಟಿಯೊಂದನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ, ಮುರಿದ ಕೈಗೆ ಬ್ಯಾಂಡೇಜು ಸುತ್ತುವಂತೆ ಕೊಳವೆಗೆ ಬಿಗಿಯಾಗಿ ಸುತ್ತಿ, ಅಲ್ಲಲ್ಲಿ ಉಕ್ಕಿನ ಪಟ್ಟಿಯಿಂದ ಕಟ್ಟಿದ. ಮೊದಲೆರಡು ದಿನ ಹೊಗೆಯಾಡುತ್ತದೆ, ಗಾಬರಿಯಾಗಬಾರದು ಎಂದ. ಆಮೇಲೆ, ನಮ್ಮವರು ಫೋನಿನಲ್ಲಿದ್ದುದರಿಂದ, ನನ್ನ ಕಡೆ ತಿರುಗಿ, "ಇದು ಮಳಿ ನೀರು ಕುಡೀತೈತ್ರೀ ಅಕ್ಕಾರ. ಒಳಗ ಪೈಪು ತುಕ್ಕು ಹಿಡೀತೈತಿ. ಮಳಿಗಾಲ ಮುಗಿದ ಮ್ಯಾಲೆ ಒಮ್ಮೆ ಬಿಚ್ಚಿ ನೋಡೂಣು, ಸಾಹೇಬ್ರಿಗೆ ಹೇಳ್ರಿ" ಎಂದ. ಪಾಪ, ಸಂದೇಶ ಕಳಿಸಲು ಅವನಿಗೆ ಸಿಕ್ಕ ದೂತಿ ನಾನು.

ಮರಳುವಾಗ ನೆಲ ತಂಪಾಗಿತ್ತು. "ಈಗ ಹೇಗಿದೆ?" ಎಂದು ಅವರು ಕೇಳಿದ ಧಾಟಿಯಲ್ಲಿ ಹೆಂಡತಿಗೆ ಒಡವೆ ಕೊಡಿಸಿದ ಸಂತೃಪ್ತಿಯಿತ್ತು. ನನಗೆ ತಡೆಯಲಾಗಲಿಲ್ಲ.

"ನಾನು ಹೇಳ್ದಾಗ ಸುಡ್ತಿರ್ಲಿಲ್ವೇನ್ರೀ?"

"ಮೂರ್ತಿಯವ್ರು ಸುಮ್‌ಸುಮ್ನೆ ಹೇಳಲ್ಲ ಕಣೇ," ಎಂದರು, ಕನ್ನಡಿ ನೋಡುತ್ತ, ಕಿಂಚಿತ್ತೂ ಕೆಡುಕಿಲ್ಲದ ದನಿಯಲ್ಲಿ. ಅಷ್ಟು ವರ್ಷ ಸುಟ್ಟ ನೆಲಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಸುಟ್ಟಿತು.

ಮಳೆಗಾಲ ಕಳೆಯಿತು. ಸಂಗಪ್ಪನ ಮಾತನ್ನು ನಾನು ತಲುಪಿಸಿದ್ದೆ. "ಅವ್ನಿಗೇನು, ಕೆಲ್ಸ ಬೇಕು" ಎಂಬ ಉತ್ತರವೂ ಬಂದಿತ್ತು. ದಸರೆಯ ಹೊತ್ತಿಗೆ ನನ್ನ ಪಾದದ ಕೆಳಗಿನಿಂದ ಒಂದು ಬುಸುಗುಟ್ಟುವ ಸದ್ದು ಶುರುವಾಯಿತು, ಅದರೊಡನೆ ಹೊಗೆಯ ಘಾಟು. ಕಾಲೇಜು ತಲುಪುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಹೇಳಿದೆ. ಮುಂದಿನ ಲಾರಿಯದೆಂದರು. ಲಾರಿ ಇಲ್ಲದ ಹಾದಿಯಲ್ಲಿ ಮತ್ತೆ ಹೇಳಿದೆ. ರೋಡೇ ಹಾಗೆ ಎಂದರು. ಮೂರನೆಯ ಸಲ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ, ಮತ್ತು ಬುದ್ಧಿ ಉಪಯೋಗಿಸಿದೆ.

ಆಯುಧಪೂಜೆಗೆ ಕಾರ್ಖಾನೆಯಲ್ಲಿ ಸಕುಟುಂಬ ಆಹ್ವಾನವಿರುತ್ತದೆ. ಯಂತ್ರಗಳಿಗೆಲ್ಲ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಕಾರುಗಳ ಚಕ್ರದಡಿಗೆ ನಿಂಬೆಹಣ್ಣು ಇಡುವ ಸಂಭ್ರಮದಲ್ಲಿ, ಪುಳಿಯೋಗರೆಯ ದೊನ್ನೆ ಹಿಡಿದು ನಿಂತಿದ್ದ ಮೂರ್ತಿಯವರ ಬಳಿಗೆ ಹೋಗಿ, ನಮ್ಮ ಕಾರಿನ ತಳದಲ್ಲಿ ಸದ್ದು ಬರುತ್ತಿದೆಯೆಂದು ತಾವೊಮ್ಮೆ ನಮ್ಮವರಿಗೆ ಹೇಳಬೇಕೆಂದು ಬೇಡಿಕೊಂಡೆ.

"ನೀವೇ ಹೇಳ್ಬಹುದಲ್ಲಮ್ಮಾ?"

"ನೀವು ಹೇಳಿದ್ರೇನೇ ಅದು ಸದ್ದು ಸಾರ್," ಎಂದೆ. ಅವರು ಹಾಸ್ಯವೆಂದು ತಿಳಿದು ನಕ್ಕರು. ಒಳ್ಳೆಯ ಮನುಷ್ಯ. ನಮ್ಮವರು ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವಾಗ ಪಕ್ಕದಲ್ಲಿ ನಿಂತು, ಕಿವಿ ಓರೆಮಾಡಿ, "ಏನ್ರೀ ಇದು, ಕೆಳ್ಗಡೆ ಬುಸ್ ಅಂತಿದೆ?" ಎಂದರು.

ಹಬ್ಬ ಮುಗಿದು ಸಂಗಪ್ಪ ಬಾಗಿಲು ತೆರೆದ ದಿನವೇ ನಾವು ಲಗ್ಗೆರೆಯಲ್ಲಿದ್ದೆವು. ಸಂಗಪ್ಪ ಪಟ್ಟಿ ಬಿಚ್ಚಿದಾಗ ಒಳಗಿನ ಕೊಳವೆ ಹಳೆಯ ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು. ಹೊಸ ಕೊಳವೆ ಬಂತು, ಎಲ್ಲಿಂದಲೋ ತಗಡಿನ ಮರೆಯೂ ಬಂತು. "ಎಂಥಾ ಸೂಕ್ಷ್ಮ ಕಿವಿ ನೋಡು ಅವ್ರದು," ಎಂದು ನಮ್ಮವರು ದಾರಿಯುದ್ದಕ್ಕೂ ಬೆರಗಾದರು, "ಅವ್ರು ಹೇಳ್ದೆ ಇದ್ದಿದ್ರೆ ನೀನು ದಿನಾ ಆ ಹೊಗೆ ಕುಡೀತಾ ಇರ್ತಿದ್ದೆ." ಹೌದು ಎಂದೆ. ಗೆದ್ದಿದ್ದೆನಲ್ಲ, ಖುಷಿಯಾಗಬೇಕಿತ್ತು. ನನ್ನ ತಲೆನೋವನ್ನು ನನ್ನ ಗಂಡನಿಗೆ ತಲುಪಿಸಲು ಪರರ ಬಾಯನ್ನು ಎರವಲು ಪಡೆದೆನೆಂಬ ಅವಮಾನ ಮಾತ್ರ ನನ್ನ ಜೊತೆಗೇ ಮನೆಗೆ ಬಂತು, ಇನ್ನೂ ಹೋಗಿಲ್ಲ.

ಈಗ ನೆಲ ತಣ್ಣಗಿದೆ, ಸದ್ದಿಲ್ಲ, ಘಾಟಿಲ್ಲ. ಮೊನ್ನೆ ಹೂಡಿಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅಭ್ಯಾಸಬಲದಿಂದ ನನ್ನ ಹಿಮ್ಮಡಿಗಳು ಮೇಲೆದ್ದವು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮವರು ಅದನ್ನು ಗಮನಿಸಿದರು.

"ಯಾಕೆ ಹಾಗೆ ಎತ್ಕೊಂಡು ಕೂತಿದೀಯ? ಏನಾದ್ರೂ ತೊಂದ್ರೆನಾ?"

"ಇಲ್ಲ," ಎಂದೆ, "ಸುಮ್ನೆ."

ಅದನ್ನು ಮಾತ್ರ ಅವರು ತಕ್ಷಣ ನಂಬಿದರು.